ಹೊರಳದ ಕಣ್ಣು

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಸತ್ತವನು ನಗುತ್ತಿದ್ದ.

ಸಾರ್ಜೆಂಟ್ ಡೋರ್ಕಸ್ ಪಾರ್ಡಿ ಅದನ್ನು ಕಿಟಕಿಯ ಕಡೆ ತಿರುಗಿಸಿ ನೋಡಿದಳು, ಒಲೆಯ ಕಡೆ ತಿರುಗಿಸಿ ನೋಡಿದಳು, ಕೊನೆಗೆ ಕನ್ನಡಕ ತೆಗೆದು ಮೂಗಿನ ತುದಿಗೆ ಹಿಡಿದು ನೋಡಿದಳು. ಎಲ್ಲಿಂದ ನೋಡಿದರೂ ಹಾರ್ಲನ್ ವೀಚ್ ನಗುತ್ತಲೇ ಇದ್ದ. ಎದೆಮಟ್ಟದ ರಬ್ಬರ್ ಉಡುಪು, ಸೊಂಟದಲ್ಲಿ ಹಿತ್ತಾಳೆ ಕೊಕ್ಕೆಯ ಹಸಿರು ಪಟ್ಟಿ, ಎರಡೂ ಕೈ ತುಂಬ ಒಂದು ಭಾರಿ ಟ್ರೌಟ್ ಮೀನು. ಹಿಂದೆ ಗುಡ್ಡದ ನೆತ್ತಿಯಲ್ಲಿ ಸಂಜೆಯ ಬಿಸಿಲು.

ಮರುದಿನ ಬೆಳಗ್ಗೆ ಅದೇ ಮನುಷ್ಯ ಹೊಳೆಯ ಕೆಳಗಿನ ಮಡುವಿನಲ್ಲಿ ಬೋರಲಾಗಿ ತೇಲುತ್ತಿದ್ದ. ತಲೆಯ ಹಿಂದೆ ಪೆಟ್ಟು. ಸೊಂಟದಲ್ಲಿ ಪಟ್ಟಿ ಇಲ್ಲ.

ಆ ಪಟ್ಟಿ ಅವಳ ತಲೆ ತಿನ್ನುತ್ತಿತ್ತು. ಕಾಲು ಜಾರಿದಾಗ ಉಡುಪಿನೊಳಗೆ ನೀರು ನುಗ್ಗದಂತೆ ತಡೆಯುವುದು ಅದೊಂದೇ. ಅದನ್ನು ಬಿಗಿಯದೆ ಇಲ್ಲಿ ಯಾರೂ ಹೊಳೆಗಿಳಿಯುವುದಿಲ್ಲ, ಇಳಿದ ಮೇಲೆ ಯಾರೂ ತಾನಾಗಿ ಬಿಚ್ಚುವುದಿಲ್ಲ. ಹಾಗಾದರೆ ಬಿಚ್ಚಿದ್ದು ಯಾರು? ಬಿಚ್ಚಿ ಎಲ್ಲಿಟ್ಟರು?

ಇನ್‌ಸ್ಪೆಕ್ಟರ್ ಸ್ನೆಲ್‌ಗ್ರೋವ್‌ಗೆ ಇಂಥ ಗೊಂದಲ ಇರಲಿಲ್ಲ. ವೀಚ್ ಜೊತೆಗಿದ್ದ ಗೈಡ್ ಸೆಲ್ಬಿ ಚಾಕ್. ಅವನು ಕೂಗಾಡಿದ್ದನ್ನು ಕೇಳಿದವರಿದ್ದಾರೆ. ತಾನು ಕೂಗಾಡಲೇ ಇಲ್ಲ ಎಂದು ಸೆಲ್ಬಿ ವಾದಿಸುತ್ತಾನೆ. ಇನ್ನೇನು ಬೇಕು? ಡೋರ್ಕಸ್ ರೇಡಿಯೋದಲ್ಲಿ, ಆ ಸೆಲ್ಬಿ ತನ್ನ ತಂಗಿ ಹೇಜಲ್‌ಳ ಮಗ ಎಂದು ಹೇಳಿದಾಗ ಇನ್‌ಸ್ಪೆಕ್ಟರ್ ಅವಳ ಮಾತನ್ನು ಅಲ್ಲಿಗೇ ತಡೆದ.

"ಹಾಗಿದ್ರೆ ನೀವು ಏನನ್ನೂ ಕೆದಕಬೇಡಿ, ಸಾರ್ಜೆಂಟ್. ಅವನನ್ನ ಕಣ್ಣೆದುರಿಗೆ ಇಟ್ಕೊಂಡಿರಿ, ಸಾಕು. ಮಂಜು ಸರಿದ ಕೂಡ್ಲೇ ವಿಮಾನದಲ್ಲಿ ಬಂದು ನಾನೇ ಕರ್ಕೊಂಡು ಹೋಗ್ತೀನಿ."

ಮಂಜು ಸರಿಯಬಾರದು ಎಂದು ಜೀವನದಲ್ಲಿ ಮೊದಲ ಸಲ ಹಾರೈಸುತ್ತ ಕೂತಿದ್ದಳು ಡೋರ್ಕಸ್. ವುಲ್ವರಿನ್ ಸರೋವರದ ಈ ಮೀನು ಕ್ಯಾಂಪಿಗೆ ರಸ್ತೆ ಇಲ್ಲ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೇ ಗತಿ. ಅವಳನ್ನು ಇಳಿಸಿ ಹೋದ ವಿಮಾನ ಕಣ್ಮರೆಯಾಗುವ ಮೊದಲೇ ಲ್ಯಾಬ್ರಡಾರ್ ಕರಾವಳಿಯ ಮಂಜು ಬಾಗಿಲು ಹಾಕಿಕೊಂಡಿತ್ತು. ಅಂದಿನಿಂದ ಅವಳು, ಸೆಲ್ಬಿ, ಕ್ಯಾಂಪಿನ ಯಜಮಾನ ಗಾರ್ಲಂಡ್ ಬೇಕಿ, ಸತ್ತವನ ಜೊತೆ ಬಂದಿದ್ದ ಪ್ರೆಸ್ಟನ್ ಲೈಲ್, ಮತ್ತೆ ಐಸ್ ಕೊಠಡಿಯಲ್ಲಿ ಮಲಗಿದ್ದ ವೀಚ್. ಇಷ್ಟೇ ಸಂಸಾರ.

"ನೋಡ್ತಾ ನೋಡ್ತಾ ಅವನಿಗೆ ಜೀವ ಬರುತ್ತೆ ಅಂದ್ಕೊಂಡ್ರಾ?"

ಊಟದ ಕೋಣೆಯ ಬಾಗಿಲಲ್ಲಿ ಲೈಲ್ ನಿಂತಿದ್ದ. ಅಮೆರಿಕದಲ್ಲಿ ವೀಚ್ ಜೊತೆ ಮನೆ ಕಟ್ಟಿಸುವ ವ್ಯವಹಾರದಲ್ಲಿ ಪಾಲುದಾರ. ವರ್ಷ ವರ್ಷವೂ ಅವನ ಹಿಂದೆ ಇಲ್ಲಿಗೆ ಬಂದು ಶೀತ ಹಿಡಿಸಿಕೊಂಡು ಹೋಗುವುದು ಬಿಟ್ಟರೆ ಮೀನಿಗೂ ಅವನಿಗೂ ಸಂಬಂಧವಿಲ್ಲ. ಮೂಗು ಟೊಮೆಟೊ ಆಗಿತ್ತು. ಕೈಯಲ್ಲಿದ್ದ ಪ್ಯಾಕ್ ಮಾಡಿದ ಚೀಲವನ್ನು ಬಾಗಿಲ ಪಕ್ಕ ಇಟ್ಟ.

"ಹೊರಡೋ ಆತುರ ಜೋರಾಗಿದೆ," ಎಂದಳು ಡೋರ್ಕಸ್.

"ನನ್ನ ಸ್ನೇಹಿತ ಸತ್ತಿದ್ದಾನೆ ಸಾರ್ಜೆಂಟ್. ಇಲ್ಲಿ ಕೂತು ಹಾಡು ಹೇಳ್ಲಾ?"

"ಆ ಸಂಜೆ ನಿಮ್ಮ ಕೋಣೆ ಬಿಟ್ಟು ಹೊರಗೇ ಬರಲಿಲ್ಲ ಅಂದ್ರಿ."

"ಬರಲಿಲ್ಲ. ಇವನ ಕೂಗಾಟ ಮಾತ್ರ ಕಿಟಕಿಯಿಂದ ಕೇಳಿಸ್ತು." ಒಲೆಯ ಹತ್ತಿರ ಮೊಣಕಾಲು ತಬ್ಬಿ ಕೂತಿದ್ದ ಸೆಲ್ಬಿಯ ಕಡೆ ಗದ್ದ ಎತ್ತಿದ.

"ಮತ್ತೆ ಒಲೆ ಮೇಲೆ ನೇತಾಡ್ತಿರೋ ಕಾಲುಚೀಲ?"

"ನಂದೇ."

ಡೋರ್ಕಸ್ ಎದ್ದು ಹೋಗಿ ಮುಟ್ಟಿದಳು. "ಒದ್ದೆ ಇದೆಯಲ್ಲ. ಹೊರಗೆ ಕಾಲಿಡದವರ ಕಾಲುಚೀಲ ಒದ್ದೆ ಹೇಗೆ ಆಯ್ತು?"

"ಈ ಜಾಗದಲ್ಲಿ ಒಣಗಿರೋದು ಒಂದೇ ಒಂದು ತೋರಿಸಿ ನೋಡೋಣ! ನನ್ನ ದಿಂಬು ಒದ್ದೆ. ಬೆಂಕಿಪೊಟ್ಟಣ ಒದ್ದೆ. ನಿಮ್ಮ ಟೋಪಿ ಮುಟ್ಟಿ ನೋಡ್ಕೊಳ್ಳಿ."

ಅವಳು ಟೋಪಿ ಮುಟ್ಟಿ ನೋಡಿದಳು. ಅದೂ ತೇವವಾಗಿತ್ತು. ಒಂದು ಸುಳಿವು ಸಿಕ್ಕಿತೆಂದು ಎದ್ದವಳು ಪೆಚ್ಚಾಗಿ ಬಂದು ಕೂತಳು.

ಗಾರ್ಲಂಡ್ ಬೇಕಿ ಸೌದೆ ಹೊತ್ತು ಒಳಗೆ ಬಂದ. ಅಗಲ ಭುಜದ, ಸದಾ ನಗುಮುಖದ ಆಸಾಮಿ. ಡೋರ್ಕಸ್‌ಳ ಶಾಲೆಯ ಸಹಪಾಠಿ, ಸೆಲ್ಬಿಗೆ ಬಾಯಿಮಾತಿನ ಮಾವ. ಸೌದೆ ಇಳಿಸಿ ಅವಳ ಭುಜದ ಮೇಲಿಂದ ಕ್ಯಾಮೆರಾದೊಳಗೆ ಇಣುಕಿದ.

"ಪುಣ್ಯಾತ್ಮ. ಸಾಯೋ ಮುಂಚೆ ಅಜ್ಜಿನ ಹಿಡಿದ. ಆ ಭಾಗ್ಯ ಎಷ್ಟು ಜನಕ್ಕಿದೆ, ಹೇಳು?"

ಅಜ್ಜಿ ಎಂದರೆ ಆ ಮೀನು. ಊಟದ ಕೋಣೆಯ ಗೋಡೆ ತುಂಬ ಅವಳದೇ ಚಿತ್ರಗಳು, ವರ್ಷಕ್ಕೊಬ್ಬ ಅತಿಥಿಯ ಕೈಯಲ್ಲಿ. ಎಡ ಕಿವಿರಿನ ಮುಚ್ಚಳದಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು, ಯಾವುದೋ ನೀರುನಾಯಿ ಕಚ್ಚಿ ಬಿಟ್ಟ ಗುರುತು. ಅದರಿಂದಲೇ ಅವಳನ್ನು ಎಲ್ಲರೂ ಗುರುತಿಸುವುದು. ಕಳೆದ ಬೇಸಿಗೆಯ ಚಿತ್ರ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಅವಳನ್ನು ಹಿಡಿದು ನಿಂತವನು ಗಾರ್ಲಂಡನೇ.

ಈ ಕ್ಯಾಂಪಿನಲ್ಲಿ ಮೀನು ಸಾಯುವಂತಿಲ್ಲ. ಹಿಡಿ, ಒದ್ದೆ ಕೈಯಲ್ಲಿ ಎತ್ತು, ಚಿತ್ರ ತೆಗೆಸಿಕೋ, ನೀರಿಗೆ ಬಿಡು. ಸುತ್ತ ಇಷ್ಟು ನೀರು, ಇಷ್ಟು ಮೀನು ಇದ್ದೂ ಊಟಕ್ಕೆ ಬಡಿಸುವುದು ವಿಮಾನದಲ್ಲಿ ಬಂದ ಉಪ್ಪುಮೀನು. ಒಂದು ದೊಡ್ಡ ಮೀನು ಗೈಡಿನ ಕೈಯಲ್ಲಿ ಸತ್ತರೆ ಅವನು ಮುಂದಿನ ವಿಮಾನದಲ್ಲಿ ಮನೆಗೆ. ಮತ್ತೆ ಯಾವ ಕ್ಯಾಂಪಿನವರೂ ಅವನನ್ನು ಕರೆಯುವುದಿಲ್ಲ.

"ನೀರಿಗೆ ಬಿಟ್ಟಾಗ ಹೇಗಿದ್ಳೋ ಸೆಲ್ಬಿ?" ಎಂದು ಕೇಳಿದ ಗಾರ್ಲಂಡ್. "ಹುಷಾರಾಗಿ ಹೋದ್ಳಾ?"

"ಬಾಲ ಬಡಿದು ಬಾಣದ ಥರ ಹೋದ್ಳು ಮಾವ," ಎಂದ ಸೆಲ್ಬಿ, ಒಲೆಯನ್ನೇ ನೋಡುತ್ತ.

ಡೋರ್ಕಸ್ ಮತ್ತೆ ಕ್ಯಾಮೆರಾ ಎತ್ತಿಕೊಂಡಳು. ಈ ಸಲ ಮನುಷ್ಯನನ್ನು ಬಿಟ್ಟು ಮೀನನ್ನು ನೋಡಿದಳು. ಅವಳಿಗೆ ಮೊದಲೇ ಅದು ತೋಚಬೇಕಿತ್ತು. ಪೊಲೀಸ್ ಕೆಲಸಕ್ಕೆ ಸೇರಿ ಮನುಷ್ಯರ ಮುಖ ನೋಡಿ ನೋಡಿ ಮೀನಿನ ಮುಖ ನೋಡುವುದೇ ಮರೆತುಹೋಗಿತ್ತು.

ಬದುಕಿರುವ ಮೀನನ್ನು ಕೈಯಲ್ಲಿ ಅಡ್ಡ ವಾಲಿಸಿದರೆ ಅದರ ಕಣ್ಣುಗುಡ್ಡೆ ಹೊಟ್ಟೆಯ ಕಡೆಗೆ ಹೊರಳುತ್ತದೆ. ಈ ಕರಾವಳಿಯಲ್ಲಿ ನಡೆಯಲು ಕಲಿತ ಮಕ್ಕಳಿಗೂ ಅದು ಗೊತ್ತು. ಅವಳಿಗೂ ಹೇಜಲ್‌ಗೂ ಅಪ್ಪ ದೋಣಿಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದು ಅದನ್ನೇ: ಕಣ್ಣು ಹೊರಳಿದರೆ ಬಿಡು, ಹೊರಳದಿದ್ದರೆ ನೀರಲ್ಲಿ ಹಿಡಿದುಕೊಂಡೇ ಇರು.

ಮೊದಲ ಚಿತ್ರದಲ್ಲಿ ಕಣ್ಣು ಪೂರ್ತಿ ಕೆಳಗೆ ಹೊರಳಿತ್ತು. ಮುಂದಿನದರಲ್ಲಿ ಅರ್ಧ. ವೀಚ್ ಭಂಗಿ ಬದಲಿಸುತ್ತಾನೆ, ಟೋಪಿ ಸರಿಮಾಡಿಕೊಳ್ಳುತ್ತಾನೆ, ಇನ್ನೊಂದು, ಮತ್ತೊಂದು. ಕೊನೆಯ ಚಿತ್ರದಲ್ಲಿ ಅವನು ಬಾಯಿ ತುಂಬ ನಗುತ್ತಿದ್ದಾನೆ. ಮೀನಿನ ಕಣ್ಣು ಮಾತ್ರ ಅಲುಗದೆ ಎದುರಿಗೆ, ನೇರ ಅವಳ ಕಡೆಗೆ ನೋಡುತ್ತಿದೆ.

ಸತ್ತ ಮೀನು ಬಾಣದ ಥರ ಹೋಗುವುದು ಹೇಗೆ?

"ಸೆಲ್ಬಿ," ಎಂದಳು, ಧ್ವನಿ ಏರಿಸದೆ. "ಬಾ. ದೋಣಿ ಕಟ್ಟಿದ್ದು ಸರಿಯಾಗಿದೆಯಾ ನೋಡ್ಕೊಂಡು ಬರೋಣ."

ದೋಣಿಯ ಕೊಟ್ಟಿಗೆಯ ಬಾಗಿಲು ಮುಚ್ಚಿದ ಕೂಡಲೆ ಅವಳು ಅವನ ಕಾಲರ್ ಹಿಡಿದಳು.

"ಯಾರ ಹತ್ರ ಸುಳ್ಳು ಹೇಳ್ತಿದ್ದೀಯ ನೀನು?"

"ಯಾವ ಸುಳ್ಳು ದೊಡ್ಡಮ್ಮ?"

"ಬಾಣದ ಥರ ಹೋದ್ಳಂತೆ, ಬಾಣ! ನಿನ್ನ ಮೂತಿಗೆ ಬಾಣ. ನನ್ನನ್ನೇನು ಪಟ್ಟಣದಿಂದ ಬಂದೋಳು ಅಂದ್ಕೊಂಡ್ಯಾ? ಆ ಮೀನು ಚಿತ್ರದಲ್ಲೇ ಸತ್ತಿದೆ."

ಸೆಲ್ಬಿಯ ಮುಖ ಸುಣ್ಣವಾಯಿತು. ಇಪ್ಪತ್ತಾರು ವರ್ಷದ ಗಂಡಸು, ಕರಡಿ ಎದುರು ಬಂದರೂ ಕೆಮ್ಮಿ ದಾರಿ ಬಿಡುವಂಥವನು, ಮಗುಚಿ ಹಾಕಿದ್ದ ದೋಣಿಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಸಾಕು ಸ್ವಾಮಿ, ನೀರಿಗೆ ಬಿಡಿ ಅಂದೆ. ಇನ್ನೊಂದು ತೆಗಿ ಅಂದ. ಸಾಕು ಅಂದೆ. ಇನ್ನೊಂದು, ಬೆಳಕು ಚೆನ್ನಾಗಿದೆ ಅಂದ. ನೀರಲ್ಲಿ ಹಿಡಿದು ಎಷ್ಟು ಹೊತ್ತು ಆಡಿಸಿದೆ ಗೊತ್ತಾ? ಕೈ ಮರಗಟ್ಟಿತು. ಅಲುಗಲಿಲ್ಲ ದೊಡ್ಡಮ್ಮ. ಅಜ್ಜಿ ಸತ್ತೇಹೋದ್ಳು."

"ಅದಕ್ಕೆ ಕೂಗಾಡಿದೆ."

"ಕೂಗಾಡಿದೆ. ಕೊಂದ್ರಲ್ರೀ ಅಂದೆ. ಬಾಯಿಗೆ ಬಂದಿದ್ದೆಲ್ಲ ಅಂದೆ."

"ಹೊಡೆದ್ಯಾ?"

"ಇಲ್ಲ! ಅಮ್ಮನಾಣೆ ಇಲ್ಲ."

"ಅವನೇನಂದ?"

"ನಕ್ಕ. ಮೀನನ್ನ ತಿರುಗಿಸಿ ತಿರುಗಿಸಿ ನೋಡಿದ. 'ಇದ್ಯಾರ ಅಜ್ಜಿನೋ? ನಾನು ಹಿಂದೆ ಹಿಡಿದ ಅಜ್ಜಿ ಇವಳಲ್ಲ. ನಿಮ್ಮ ಯಜಮಾನನ ಹತ್ರ ಮಾತಾಡೋದಿದೆ' ಅಂದ. ಕೊಂದಿದ್ದಲ್ಲದೆ ಜರೀತಾನಲ್ಲ ಅಂತ ಇನ್ನೂ ಉರೀತು. ಅಲ್ಲೇ ಇದ್ರೆ ನಿಜವಾಗ್ಲೂ ಹೊಡೀತೀನಿ ಅನ್ನಿಸಿ ಮೀನು ಎತ್ಕೊಂಡು ದೋಣಿ ಹತ್ತಿದೆ. ಈರುಳ್ಳಿ ಚೀಲಕ್ಕೆ ಹಾಕಿ, ಕಲ್ಲು ತುಂಬಿ, ಸರೋವರದಲ್ಲಿ ಗಿಡ್ಡಮರದ ಮೂಲೆ ಹತ್ರ ಮುಳುಗಿಸಿದೆ. ವಾಪಸ್ ಬಂದಾಗ ಅವನಿರಲಿಲ್ಲ. ಸಿಟ್ಟು ಮಾಡ್ಕೊಂಡು ನಡೆದೇ ಕ್ಯಾಂಪಿಗೆ ಹೋದ ಅಂದ್ಕೊಂಡೆ."

ಡೋರ್ಕಸ್‌ಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಅದೇ ಉಸಿರಿನಲ್ಲಿ ನಗುವೂ ಬಂತು. ಒಬ್ಬ ಮನುಷ್ಯ ಸತ್ತುಬಿದ್ದಿದ್ದಾನೆ, ಕೊಲೆಯ ಆಪಾದನೆ ಕುತ್ತಿಗೆಗೆ ಬಂದಿದೆ, ಈ ಮಹಾನುಭಾವ ಮುಚ್ಚಿಡುತ್ತಿರುವುದು ಮೀನನ್ನು! ಲ್ಯಾಬ್ರಡಾರ್ ಬಿಟ್ಟು ಬೇರೆಲ್ಲೂ ಇಂಥ ದಡ್ಡ ಸಿಗುವುದಿಲ್ಲ.

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಗಾರ್ಲಂಡ್ ಮಾವ ಆಗ ಪಕ್ಕದಲ್ಲೇ ನಿಂತಿದ್ದ. ಅಜ್ಜಿನ ಕೊಂದೆ ಅಂತ ಅವನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ?"

ನಗು ಬಂದಷ್ಟೇ ಬೇಗ ಹೋಯಿತು. ಸತ್ಯ ಹೇಳಿ ಅವನು ಹೊರಗೆ ಬರಲಿಲ್ಲ, ಇನ್ನಷ್ಟು ಆಳಕ್ಕಿಳಿದ. ಇಷ್ಟು ಹೊತ್ತು ಇನ್‌ಸ್ಪೆಕ್ಟರ್ ಬಳಿ ಇದ್ದದ್ದು ಒಂದು ಕೂಗು ಮಾತ್ರ. ಈಗ ಜಗಳ ಇದೆ, ಕಾರಣ ಇದೆ, ಸುಳ್ಳು ಹೇಳಿಕೆಯೂ ಇದೆ.

"ಚೀಲ ತೋರಿಸು ನಡಿ," ಎಂದಳು.

ಗಿಡ್ಡಮರದ ಮೂಲೆ ಮಂಜಿನಲ್ಲಿ ಇದ್ದೂ ಇಲ್ಲದಂತಿತ್ತು. ದೋಣಿಯ ಮೂಗು ದಡಕ್ಕೆ ತಗಲಿದ ಮೇಲೆಯೇ ದಡ ಇದೆ ಎಂದು ಗೊತ್ತಾದದ್ದು. ಸೆಲ್ಬಿ ದೋಣಿಯ ಹುಟ್ಟಿನಿಂದ ತಡಕಿ, ಕೊಕ್ಕೆ ಬಿಟ್ಟು, ಚೀಲ ಎಳೆದ. ತಣ್ಣೀರಿನಲ್ಲಿ ಮೀನು ಕೆಟ್ಟಿರಲಿಲ್ಲ. ಅವನು ಅದನ್ನು ನೋಡಲಾರದೆ ಮುಖ ಆಚೆ ತಿರುಗಿಸಿಕೊಂಡ.

ಡೋರ್ಕಸ್ ಎಡ ಕಿವಿರಿನ ಮುಚ್ಚಳದ ಮೇಲೆ ಬೆರಳಾಡಿಸಿದಳು. ಅರ್ಧಚಂದ್ರ ಇತ್ತು. ಆದರೆ ಅದರ ಅಂಚು ನಯವಾಗಿತ್ತು, ದರ್ಜಿ ಕತ್ತರಿಸಿದಷ್ಟು ನಯ.

ನೀರುನಾಯಿಯ ಹಲ್ಲಿಗೆ ಇಷ್ಟು ನಾಜೂಕು ಎಲ್ಲಿಂದ ಬಂತು?

ಊಟದ ಕೋಣೆಯಲ್ಲಿ ಯಾರೂ ಇರಲಿಲ್ಲ. ಲೈಲ್ ತನ್ನ ಕೋಣೆಯಲ್ಲಿ ಕೆಮ್ಮುತ್ತಿದ್ದುದು ಕೇಳಿಸುತ್ತಿತ್ತು. ಡೋರ್ಕಸ್ ಮೀನನ್ನು ಟವೆಲಿನಲ್ಲಿ ಸುತ್ತಿ ತಂದು, ಗೋಡೆಯ ದೊಡ್ಡ ಚಿತ್ರದ ಕೆಳಗಿನ ಮೇಜಿನ ಮೇಲೆ ಬಿಚ್ಚಿದಳು. ಮೀನು ನೋಡಿದಳು, ಚಿತ್ರ ನೋಡಿದಳು, ಮತ್ತೆ ಮೀನು ನೋಡಿದಳು.

"ಸೆಲ್ಬಿ, ಚಿತ್ರದಲ್ಲಿ ಕಚ್ಚಿನ ಹಿಂದೆ ಏನಿದೆ ಹೇಳು."

"ಕೆಂಪು ಚುಕ್ಕೆ. ಸಾಲಾಗಿ ಮೂರು. ನೀಲಿ ಬಳೆ ಇರೋವು."

"ಇದರಲ್ಲಿ?"

ಅವನು ಬಗ್ಗಿದ. ಹೆಬ್ಬೆರಳಿನಿಂದ ಲೋಳೆ ಸವರಿ ನೋಡಿದ. ಚುಕ್ಕೆಗಳಿದ್ದವು, ಆದರೆ ಇಲ್ಲೊಂದು ಅಲ್ಲೊಂದು. ಸಾಲು ಎಲ್ಲೂ ಇರಲಿಲ್ಲ. ಮೀನಿನ ಬಣ್ಣ ಮಾಸಬಹುದು, ಚುಕ್ಕೆ ಜಾಗ ಬದಲಿಸುವುದಿಲ್ಲ.

"ಇವಳು ಅಜ್ಜಿ ಅಲ್ಲ!" ಸೆಲ್ಬಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು. "ದೊಡ್ಡಮ್ಮ, ನಾನು ಅಜ್ಜಿನ ಕೊಂದಿಲ್ಲ. ಅಜ್ಜಿ ಬದುಕಿದ್ದಾಳೆ!"

ಡೋರ್ಕಸ್ ಚಿತ್ರದಲ್ಲಿ ಅಜ್ಜಿಯ ಕಣ್ಣು ನೋಡುತ್ತಿದ್ದಳು. ಗಾರ್ಲಂಡ್‌ನ ದೊಡ್ಡ ಕೈಗಳಲ್ಲಿ ಅಡ್ಡ ವಾಲಿದ್ದ ಆ ಮೀನು ಕೂಡ ಹೊಟ್ಟೆಯ ಕಡೆ ನೋಡುತ್ತಿರಲಿಲ್ಲ. ನೇರ ಎದುರಿಗೆ, ಊಟದ ಮೇಜಿನ ಕಡೆಗೆ ದಿಟ್ಟಿಸುತ್ತಿತ್ತು. ಒಂದು ವರ್ಷದಿಂದ ಇಲ್ಲಿ ಉಂಡವರೆಲ್ಲ ಅದರ ಕೆಳಗೇ ಕೂತು ಉಂಡಿದ್ದರು.

ಇವಳು ಅಜ್ಜಿಯಲ್ಲ. ಅಜ್ಜಿ ಹೋದ ವರ್ಷವೇ ಸತ್ತಿದ್ದಾಳೆ. ಹಾಗಿದ್ದರೆ ವೀಚ್ ಅಂದದ್ದು ಜರೆಯುವ ಮಾತಲ್ಲ. ಅವನು ಕಂಡದ್ದನ್ನೇ ಹೇಳಿದ್ದ. ಯಜಮಾನನ ಹತ್ತಿರ ಮಾತಾಡುವುದಿದೆ ಎಂದಿದ್ದ. ಮಾತಾಡಿದನೇ?

ಹಿಂದೆ ಬಾಗಿಲು ಕಿರುಗುಟ್ಟಿತು. ಡೋರ್ಕಸ್ ಟವೆಲನ್ನು ಮೀನಿನ ಮೇಲೆ ಎಳೆದಳು.

ಗಾರ್ಲಂಡ್ ಮೇಜಿನ ಮೇಲಿನ ಗಂಟನ್ನೂ ಸೆಲ್ಬಿಯ ಒದ್ದೆ ತೋಳುಗಳನ್ನೂ ನೋಡಿದ.

"ಅದನ್ನ ಯಾಕೋ ನೀರಿಂದ ಎತ್ತಿದೆ?" ಎಂದ.

ಮಾತು ಬಾಯಿಂದ ಬಿದ್ದ ಮೇಲೆ ಅದರ ತೂಕ ಅವನಿಗೂ ಗೊತ್ತಾಯಿತು. ಒಲೆಯಲ್ಲಿ ಸೌದೆ ಚಟಪಟ ಅಂದಿತು.

"ಟವೆಲಿನೊಳಗೆ ಏನಿದೆ ಅಂತ ನಾವಿನ್ನೂ ಹೇಳಿಲ್ಲವಲ್ಲ ಗಾರ್ಲಂಡ್," ಎಂದಳು ಡೋರ್ಕಸ್. "ನೀರಲ್ಲಿತ್ತು ಅಂತ ನಿನಗೆ ಯಾರು ಹೇಳಿದ್ರು?"

"ಸೆಲ್ಬಿ, ಮಂಜು ಒಡೀತಾ ಇದೆ. ವಿಮಾನದ ಕಟ್ಟೆ ಹತ್ರ ಹೋಗಿ ಹಗ್ಗ ಬಿಡಿಸಿಡು," ಎಂದ ಗಾರ್ಲಂಡ್. ಹೋಗು ಎಂದು ಡೋರ್ಕಸ್ ತಲೆ ಆಡಿಸಿದಳು. ಸೆಲ್ಬಿ ಇಬ್ಬರನ್ನೂ ನೋಡುತ್ತ ಹೋದ.

ಗಾರ್ಲಂಡ್ ಕುರ್ಚಿ ಎಳೆದು ಕೂತ. ನಗು ಹೋದ ಮೇಲೆ ಆ ಮುಖ ಯಾರದೋ ಎಂಬಂತಿತ್ತು.

"ಹೋದ ವರ್ಷ ನನ್ನ ಕೈಯಲ್ಲೇ ಸತ್ಳು. ವಯಸ್ಸಾಗಿತ್ತು. ಚಿತ್ರ ತೆಗೆಯೋವಾಗ ನನಗೂ ಗೊತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಬರೋರೆಲ್ಲ ಕಾಗದ ಬರೆದು ಕೇಳೋದು ಅವಳನ್ನೇ. ಅವಳಿಲ್ಲದೆ ಈ ಕ್ಯಾಂಪಿಗೆ ಯಾರು ಬರ್ತಾರೆ, ಹೇಳು. ಇನ್ನೊಂದು ದೊಡ್ಡದು ಹಿಡಿದೆ. ಅಡುಗೆಮನೆ ಕತ್ತರೀಲಿ ಒಂದು ಕಚ್ಚು ಹಾಕಿ ಬಿಟ್ಟೆ."

"ವೀಚ್ ಕಂಡುಹಿಡಿದ."

"ಅದು ನನಗೆ ಗೊತ್ತಿಲ್ಲ."

"ಸೆಲ್ಬಿ ಚೀಲ ಮುಳುಗಿಸಿದ್ದು ಗೊತ್ತಿತ್ತು. ಇದು ಗೊತ್ತಿಲ್ಲ. ಚೆನ್ನಾಗಿದೆ."

"ಗುಡ್ಡದ ಮೇಲಿದ್ದೆ. ಕಟ್ಟಿಗೆಗೆ ಹೋಗಿದ್ದೆ. ಎಲ್ಲ ಕಾಣಿಸ್ತು." ಅವನು ಮುಂದೆ ಬಗ್ಗಿದ. "ಕೇಳು ಡೋರ್ಕಸ್. ಸೆಲ್ಬಿ ದೋಣಿ ಬಿಟ್ಟಾಗ ವೀಚ್ ಬಂಡೆ ಮೇಲೆ ಕೂತಿದ್ದ. ಬದುಕಿದ್ದ. ಪಟ್ಟಿ ಸೊಂಟದಲ್ಲೇ ಇತ್ತು. ನಾನು ಕಣ್ಣಾರೆ ನೋಡಿದ್ದೀನಿ. ಅಷ್ಟು ಹೇಳಿದ್ರೆ ನಿನ್ನ ಹುಡುಗ ಉಳ್ಕೋತಾನೆ."

"ಮತ್ತೆ ಹೇಳೋದಕ್ಕೆ ಏನು ಅಡ್ಡಿ?"

"ಅಲ್ಲಿ ಏನು ನೋಡಿದೆ ಅಂದ್ರೆ ಮೀನೂ ಹೊರಗೆ ಬರುತ್ತೆ. ಆ ಕಚ್ಚು, ಕತ್ತರಿ, ಎಲ್ಲ. ನಮ್ಮಪ್ಪ ಕಟ್ಟಿದ ಕ್ಯಾಂಪು ಅವತ್ತಿಗೆ ಮುಗೀತು." ಅವನು ಟವೆಲಿನ ಕಡೆ ಕೈ ಚಾಚಿದ, ಮುಟ್ಟಲಿಲ್ಲ. "ಮೀನು ನನಗೆ ಕೊಡು. ಹುಡುಗ ನಿನಗೆ."

"ಸೆಲ್ಬಿ ಹೋದ ಮೇಲೆ ಬಂಡೆ ಹತ್ರ ಯಾರು ಬಂದ್ರು?"

"ಮೊದಲು ಮೀನು."

ಡೋರ್ಕಸ್ ಬಾಯಿ ತೆರೆದಳು. ಆಗುವುದಿಲ್ಲ ಎನ್ನಬೇಕಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಮಾತಿಗೆ ಅವಳು ಎಷ್ಟೋ ಸಲ ಥಟ್ಟನೆ ಹಾಗೆಂದಿದ್ದಾಳೆ. ಆದರೆ ಹೇಜಲ್ ನೆನಪಾದಳು. ಗಂಡ ಹೋದ ಮೇಲೆ ಆ ಒಬ್ಬ ಮಗನ ಮುಖ ನೋಡಿಕೊಂಡು ಬದುಕಿದ ತಂಗಿ. ತೆರೆದ ಬಾಯಿ ಮುಚ್ಚಿ ಟವೆಲಿನ ಅಂಚು ಸರಿಮಾಡಿದಳು.

ಅಷ್ಟರಲ್ಲಿ ಆಕಾಶದಲ್ಲಿ ಗುರ್ ಎಂಬ ಸದ್ದು ಕೇಳಿಸಿತು.

"ದೊಡ್ಡಮ್ಮ! ಗಾಳಿ ಜೋರಿದೆ, ಒಬ್ಬನ ಕೈಲಿ ಆಗಲ್ಲ!" ಕಟ್ಟೆಯಿಂದ ಸೆಲ್ಬಿ ಕೂಗಿದ.

ವಿಮಾನ ನೀರಿಗಿಳಿದು ಬಂದಾಗ ಹಗ್ಗ ಹಿಡಿಯಲು ಕೈ ಬೇಕೇ ಬೇಕು. ಇಲ್ಲದಿದ್ದರೆ ಬಂಡೆಗೆ ಹೋಗಿ ಬಡಿಯುತ್ತದೆ. ಆ ಕರೆ ಬಂದರೆ ಇಲ್ಲಿಯವರು ಊಟದ ತಟ್ಟೆ ಬಿಟ್ಟು ಓಡುತ್ತಾರೆ. ಡೋರ್ಕಸ್ ಕೂಡ ಯೋಚಿಸದೆ ಓಡಿದಳು.

"ನಡಿ ನಡಿ. ಕೋಟು ಹಾಕ್ಕೊಂಡು ಬಂದೆ," ಎಂದ ಗಾರ್ಲಂಡ್ ಹಿಂದಿನಿಂದ.

ಹಗ್ಗ ಕೈಗೆ ಬಂದು, ವಿಮಾನ ಕಟ್ಟೆಗೆ ತಾಗಿ, ರೆಕ್ಕೆಯ ಕೆಳಗಿಂದ ಬಗ್ಗಿ ಇನ್‌ಸ್ಪೆಕ್ಟರ್ ಸ್ನೆಲ್‌ಗ್ರೋವ್ ಇಳಿಯುವಾಗ ಅವಳಿಗೆ ನೆನಪಾಯಿತು. ಮೀನು ಮೇಜಿನ ಮೇಲೆಯೇ ಉಳಿದಿತ್ತು.

"ಇವನೇನಾ?" ಎಂದ ಸ್ನೆಲ್‌ಗ್ರೋವ್. ಶಿಷ್ಟಾಚಾರಕ್ಕೆ ಡೋರ್ಕಸ್ ಕಡೆ ಟೋಪಿ ಎತ್ತಿ, ಸೆಲ್ಬಿಯ ಕೈಗೆ ಬೇಡಿ ಹಾಕಿದ. ಸೆಲ್ಬಿ ಸುಮ್ಮನೆ ಹಾಕಿಸಿಕೊಂಡ. ಹಗ್ಗ ಎಳೆದ ಅವನ ಅಂಗೈ ಇನ್ನೂ ಕೆಂಪಗಿತ್ತು.

ಕ್ಯಾಂಪಿನಿಂದ ಇಬ್ಬರು ಇಳಿದು ಬರುತ್ತಿದ್ದರು. ಮುಂದೆ ಲೈಲ್, ಮೂಗು ಒರೆಸಿಕೊಳ್ಳುತ್ತ. ಹಿಂದೆ ಅವನ ಚೀಲ ಹೊತ್ತ ಗಾರ್ಲಂಡ್. ಅತಿಥಿಯ ಕೈಯಲ್ಲಿ ಯಜಮಾನ ಸಾಮಾನು ಹೊರಿಸುವುದಿಲ್ಲ, ವಿಮಾನದವರೆಗೆ ತಾನೇ ತಂದುಕೊಡುತ್ತಾನೆ. ಇಲ್ಲಿನ ಪದ್ಧತಿಯೇ ಹಾಗೆ.

ಮಂಜು ಪೂರ್ತಿ ಸರಿದು ಬಿಸಿಲು 'ಚುರ್' ಎನ್ನುತ್ತಿತ್ತು. ಕಟ್ಟೆಯ ಹಲಗೆಗಳು ಆಗಲೇ ಬೆಳ್ಳಗೆ ಒಣಗುತ್ತಿದ್ದವು. ಅವುಗಳ ಮೇಲೆ, ಗಾರ್ಲಂಡ್ ನಡೆದು ಬಂದ ದಾರಿಯುದ್ದಕ್ಕೂ, ಕಪ್ಪು ತೊಟ್ಟುಗಳು. ಲೈಲ್‌ನ ಚೀಲದ ಮೂಲೆಯಿಂದ ನೀರು ಸೋರುತ್ತಿತ್ತು.

ಮೀನು! ಗಾರ್ಲಂಡ್ ಅದನ್ನು ಲೈಲ್‌ನ ಚೀಲದಲ್ಲಿಟ್ಟು ಸಾಗಿಸುತ್ತಿದ್ದಾನೆ!

"ನಿಲ್ಲಿ," ಎಂದಳು ಡೋರ್ಕಸ್. "ಆ ಚೀಲ ತೆಗೀರಿ."

ಸ್ನೆಲ್‌ಗ್ರೋವ್ ಹುಬ್ಬೇರಿಸಿದ. ಲೈಲ್ ಗೊಣಗಿದ. ಗಾರ್ಲಂಡ್ ಚೀಲವನ್ನು ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಜಿಪ್ ಎಳೆದಳು.

ಮೀನು ಇರಲಿಲ್ಲ. ಮಡಚಿದ ಅಂಗಿಗಳ ಮೇಲೆ, ಒಲೆಯ ಮೇಲಿದ್ದ ಆ ಕಾಲುಚೀಲಗಳಿಗೆ ಸುತ್ತಿಕೊಂಡು, ಹಿತ್ತಾಳೆ ಕೊಕ್ಕೆಯ ಹಸಿರು ಪಟ್ಟಿ ಇತ್ತು.

ವಿಮಾನದ ಕೆಳಗೆ ನೀರು ತಟಪಟ ಎನ್ನುತ್ತಿತ್ತು.

"ಇದು ನಂದಲ್ಲ," ಎಂದ ಲೈಲ್. ಅವನ ಧ್ವನಿ ಸಣ್ಣ ಮಗುವಿನದಾಗಿತ್ತು. "ನಾನಿಟ್ಟಿಲ್ಲ. ನಾನು ಇದನ್ನ... ಹಾರ್ಲನ್‌ದಲ್ವಾ ಇದು? ಇಲ್ಲಿಗೆ ಹೇಗೆ ಬಂತು?"

ಸ್ನೆಲ್‌ಗ್ರೋವ್ ಪಟ್ಟಿ ನೋಡಿದ, ಡೋರ್ಕಸ್ ಜೇಬಿನಿಂದ ತೆಗೆದುಕೊಟ್ಟ ಕ್ಯಾಮೆರಾದ ಚಿತ್ರ ನೋಡಿದ, ಲೈಲ್‌ನನ್ನು ನೋಡಿದ. ಆಮೇಲೆ ಸೆಲ್ಬಿಯ ಕೈಯ ಬೇಡಿ ಬಿಚ್ಚಿ ಲೈಲ್‌ನ ಕೈಗೆ ಹಾಕಿದ. "ತಂಗಿ ಮಗ ಅಂತ ಸುಮ್ಮನೆ ನಿಮ್ಮನ್ನ ಅನುಮಾನಿಸಿದೆ ಸಾರ್ಜೆಂಟ್. ಕ್ಷಮಿಸಿ."

ಡೋರ್ಕಸ್‌ಳ ಬೆರಳುಗಳ ನಡುವಿನಿಂದ ನೀರು ಹರಿಯುತ್ತಿತ್ತು. ಚೀಲದಲ್ಲಿ ಎರಡು ದಿನ ಬಿದ್ದಿದ್ದರೆ ಪಟ್ಟಿ ಬರೀ ತೇವವಾಗಿರಬೇಕಿತ್ತು, ಟೋಪಿಯ ಹಾಗೆ, ಕಾಲುಚೀಲದ ಹಾಗೆ. ಇದು ಹೀಗೆ ಸುರಿಯಬಾರದು. ಇದನ್ನು ಯಾರೋ ಈಗತಾನೇ ನೀರಿನಿಂದ ಎತ್ತಿದ್ದಾರೆ.

ಗಾರ್ಲಂಡ್ ವಿಮಾನದ ಹಗ್ಗ ಸಡಿಲಿಸಲು ಅವಳ ಪಕ್ಕದಲ್ಲೇ ಬಗ್ಗಿದ. ಅವನ ಕೋಟಿನ ತೋಳಿನ ತುದಿಯಲ್ಲಿ ಮೀನಿನ ಲೋಳೆ ಬಿಸಿಲಿಗೆ ಹೊಳೆಯುತ್ತಿತ್ತು.

"ಕೊಟ್ಟ ಮಾತು ಉಳಿಸ್ಕೊಂಡಿದ್ದೀನಿ," ಎಂದ, ಅವಳೊಬ್ಬಳಿಗೆ ಕೇಳಿಸುವಷ್ಟು ಮೆಲ್ಲಗೆ.

ಅವಳು ಮಾತು ಕೊಟ್ಟಿರಲಿಲ್ಲ. ಆದರೆ ಆಗುವುದಿಲ್ಲ ಎಂದೂ ಅಂದಿರಲಿಲ್ಲ.

"ಸಾರ್ಜೆಂಟ್!" ವಿಮಾನದ ಮೆಟ್ಟಿಲಿನಿಂದ ಲೈಲ್ ಕೂಗಿದ. "ನೀವಾದ್ರೂ ಹೇಳಿ! ಆ ಕಾಲುಚೀಲ ಬೆಳಗ್ಗೆ ನೀವೇ ಮುಟ್ಟಿ ನೋಡಿದ್ರಲ್ಲ! ನಾನು ಚೀಲ ಕಟ್ಟಿದ್ಮೇಲೂ ಅದು ಒಲೆ ಮೇಲೇ ಇತ್ತಲ್ಲ! ಹೇಳ್ರೀ!"

ಸೆಲ್ಬಿ ಬಿಡುಗಡೆಯಾದ ಮಣಿಕಟ್ಟು ಉಜ್ಜಿಕೊಳ್ಳುತ್ತ ಅವಳ ಕಡೆ ತಿರುಗಿ ನಕ್ಕ. ಥೇಟ್ ಹೇಜಲ್‌ಳ ನಗು.

ಸ್ನೆಲ್‌ಗ್ರೋವ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂತಿರುಗಿದ.

"ಅವನು ಏನೋ ಅಂತಿದ್ದಾನಲ್ಲ. ಹೊರಡೋ ಮುಂಚೆ ನೀವು ಹೇಳೋದು ಏನಾದ್ರೂ ಇದೆಯಾ ಸಾರ್ಜೆಂಟ್ ಪಾರ್ಡಿ?"